ಒಂಟಿ ಸೀಟಿನ ಬೈಕು

ಹೇಮಳ ಮನೆಯವರು ನಿನ್ನನ್ನು ಬೇಡ ಎಂದಿರಲಿಲ್ಲ, ವಸಂತ. ಬೇಡ ಎಂದವಳು ನಾನು — ಅವರಿಗೆ ನಿನ್ನ ಹೆಸರಿನಲ್ಲಿ, ನಿನಗೆ ಅವರ ಹೆಸರಿನಲ್ಲಿ. ನಿನ್ನ ಒಡಹುಟ್ಟಿದ ಅಕ್ಕನೇ ಎರಡೂ ಕಡೆ ಸುಳ್ಳು ಹೇಳಿ ಆ ಮದುವೆ ಆಗದ ಹಾಗೆ ಮಾಡಿದಳು. ಹದಿನೈದು ವರ್ಷ ಆಗುತ್ತ ಬಂತು.

ಕಾರಣ ಕೇಳಿದರೆ ನೀನು ನಂಬಲಿಕ್ಕಿಲ್ಲ. ನಿನ್ನ ಆ ಬೈಕು.

ನೆಲ್ಯಾಡಿಯ ರಬ್ಬರ್ ತೋಟದವರೊಬ್ಬರಿಂದ ಅದನ್ನು ಕೊಂಡು ತಂದ ದಿನ ನೋಡಲು ಎಷ್ಟು ಲಕ್ಷಣವಾಗಿತ್ತು. ಇಬ್ಬರು ಆರಾಮವಾಗಿ ಕೂರುವ ಉದ್ದ ಸೀಟು, ಹೆಂಗಸರ ಸೀರೆ ಚಕ್ರಕ್ಕೆ ಸಿಕ್ಕದ ಹಾಗೆ ಕಂಬಿಯ ಗಾರ್ಡು, ಹಿಂದೆ ಕ್ಯಾರಿಯರ್. ಆದಿತ್ಯವಾರ ಪುತ್ತೂರಿನ ನಿನ್ನ ರೇಡಿಯೋ ರಿಪೇರಿ ಅಂಗಡಿ ಮುಚ್ಚಿ ಕಾಣಿಯೂರಿಗೆ ನಮ್ಮಲ್ಲಿಗೆ ಬರುತ್ತಿದ್ದೆಯಲ್ಲ — ಪ್ರತಿ ಸಲವೂ ಅದರಲ್ಲಿ ಏನಾದರೊಂದು ಕಡಿಮೆಯಾಗಿರುತ್ತಿತ್ತು. ಮೊದಲು ಕ್ಯಾರಿಯರ್ ಹೋಯಿತು, ಆಮೇಲೆ ಕನ್ನಡಿ, ಆಮೇಲೆ ಸೀರೆಯ ಗಾರ್ಡು. ಮಡ್‌ಗಾರ್ಡನ್ನು ಅರ್ಧಕ್ಕೆ ಕತ್ತರಿಸಿದೆ. ಟ್ಯಾಂಕಿಗೆ ಬರೀ ಕಪ್ಪು ಬಣ್ಣ ಬಳಿದು ಅದರ ಮೇಲಿದ್ದ ಹೆಸರನ್ನೂ ಕಿತ್ತೆ. ಕೊನೆಗೆ ಆ ಉದ್ದ ಸೀಟನ್ನೂ ತೆಗೆದು ಒಬ್ಬನೇ ಕೂರುವಂಥ ಒಂದು ತುಂಡು ಸೀಟು ಹಾಕಿಸಿಕೊಂಡು ಬಂದೆ.

"ಎಂತ ಮಾರಾಯ ಇದು, ಎಲುಬು ಮಾತ್ರ ಉಂಟಲ್ಲ," ಎಂದೆ ನಾನು.

"ಬೇಡದ್ದು ತೆಗೆದದ್ದು ಅಕ್ಕ, ಅಷ್ಟೇ. ಈಗ ನೋಡು, ಚಂದ ಕಾಣ್ತದೆ."

"ನಾಳೆ ಮದುವೆ ಆದ್ರೆ ಹೆಂಡತಿಯನ್ನು ಎಲ್ಲಿ ಕೂರಿಸುದು?"

"ಆವಾಗ ನೋಡುವ."

ಈ 'ಆವಾಗ ನೋಡುವ' ಕೇಳಿ ಕೇಳಿ ನನಗೆ ಸಾಕಾಗಿ ಹೋಗಿತ್ತು. ಕತ್ತರಿಸಿದ ಮಡ್‌ಗಾರ್ಡಿನಿಂದಾಗಿ ರಸ್ತೆಯ ಕೆಸರೆಲ್ಲ ನಿನ್ನ ಬೆನ್ನಿಗೆ. ಆ ಅಂಗಿ ಒಗೆಯುವವಳು ನಾನು. ಚಂದವಂತೆ — ಯಾರಿಗೆ ಚಂದ? ಹೇಳಿದರೆ ನಗುತ್ತಿದ್ದೆ. ಆ ನಗು ನೆನಪಾದರೆ ಈಗಲೂ ರೇಗುತ್ತದೆ. ತಪ್ಪು ನನ್ನದು ಎಂದು ಗೊತ್ತಿದ್ದೂ ರೇಗುತ್ತದೆ.

ಹೇಮಳನ್ನು ನೋಡಿ ಬಂದ ಮೇಲೆ ಮಾತ್ರ ನೀನು ನಗದೆ ಮಾತಾಡಿದ್ದೆ. "ನನಗೆ ಒಪ್ಪಿಗೆ ಅಕ್ಕ. ನೀನೇ ಅವರಿಗೆ ಹೇಳು," ಎಂದೆ. ಅವರ ಮನೆ ನಮ್ಮಿಂದ ಎರಡು ತಿರುವು ಆಚೆ. ಮಾತು ಮುಟ್ಟಿಸಬೇಕಾದವಳು ನಾನೇ. ನಾಳೆ ಹೋಗುವ, ನಾಡಿದ್ದು ಹೋಗುವ ಎಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ಮಗಳು ಶಾಂತಿಗೆ ಜ್ವರ ಬಂತು.

ನಿನಗೆ ನೆನಪಿರಬಹುದು. ನಿನ್ನ ಭಾವ ಊರಲ್ಲಿರಲಿಲ್ಲ, ಮಧ್ಯಾಹ್ನದ ಬಸ್ಸು ಕೆಟ್ಟು ನಿಂತಿತ್ತು. ನಾಲ್ಕು ವರ್ಷದ ಮಗು ಕಣ್ಣು ಮೇಲೆ ಮಾಡುತ್ತಿದೆ. ದೇವರು ಕಳಿಸಿದ ಹಾಗೆ ನಿನ್ನ ಬೈಕಿನ ಶಬ್ದ ಕೇಳಿತು. ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿ ಬಂದೆ — ಬಂದು ನಿಂತೆ. ಎಲ್ಲಿ ಕೂರುವುದು? ನೀನು ಬೈಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಕಾರು ಹುಡುಕಿ ತರ್ತೇನೆ," ಎಂದು ಹೋದೆ. ಎಷ್ಟು ಹೊತ್ತಾದರೂ ಬರಲಿಲ್ಲ. ಕಡೆಗೆ ಮರದ ಮಿಲ್ಲಿನ ಜೀಪೊಂದು ಸಿಕ್ಕಿತು. ಪುತ್ತೂರು ಮುಟ್ಟುವವರೆಗೂ ಮಗುವಿನ ಉಸಿರು ನೋಡುತ್ತಾ ನಿನ್ನನ್ನು ಮನಸ್ಸಿನಲ್ಲೇ ಬೈದೆ.

ಶಾಂತಿ ಹುಷಾರಾದಳು. ನನ್ನ ಸಿಟ್ಟು ಇಳಿಯಲಿಲ್ಲ. ನಾನು ಆ ಸಿಟ್ಟಿನಲ್ಲಿದ್ದಾಗಲೇ ಮಗುವನ್ನು ನೋಡಲು ಹೇಮಳ ಅಮ್ಮ ಬಂದರು. ಹೊರಡುವಾಗ ಮೆಲ್ಲಗೆ ಕೇಳಿದರು, "ತಮ್ಮ ಎಂತ ಹೇಳಿದ್ರು ಲಲಿತಾ?"

"ಅವನಿಗೆ ಬೇಡವಂತೆ," ಎಂದೆ.

ಅಷ್ಟೇ. ಯೋಚಿಸಿ ಹೇಳಿದ್ದಲ್ಲ ಎಂದು ಬರೆಯಬಹುದಿತ್ತು — ಆದರೆ ಅವರು ಮತ್ತೆ ಕೇಳಿದರಲ್ಲ: "ಹಾಗಾದ್ರೆ ನಾವು ಬೇರೆ ಕಡೆ ನೋಡುದಾ?" ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಅವಕಾಶವಿತ್ತು. "ನೋಡಿ," ಎಂದೆ.

ಮುಂದಿನ ಆದಿತ್ಯವಾರ ನೀನು ಬಂದು ಜಗಲಿಯಲ್ಲಿ ಕೂತೆ. ನೀನು ಕೇಳುವ ಮೊದಲೇ ಹೇಳಿದೆ, "ಅವರಿಗೆ ಒಪ್ಪಿಗೆ ಇಲ್ಲವಂತೆ. ಹಿಂದೆ ಸೀಟೇ ಇಲ್ಲದವ ನಮ್ಮ ಮಗಳನ್ನು ಎಲ್ಲಿ ಕೂರಿಸ್ತಾನೆ ಅಂತ ಕೇಳಿದ್ರು." ನನ್ನ ಮಾತನ್ನೇ ಅವರ ಬಾಯಿಗೆ ಹಾಕಿದ್ದೆ. ನಿನಗೆ ಬುದ್ಧಿ ಬರಲಿ ಎಂದು — ಅಲ್ಲ, ನೋವಾಗಲಿ ಎಂದು.

ನೀನು ಕಾಫಿ ಕುಡಿದು ಲೋಟ ಕೆಳಗಿಟ್ಟೆ. "ಬಾ ಅಕ್ಕ," ಎಂದು ರಸ್ತೆಗೆ ಕರೆದುಕೊಂಡು ಹೋದೆ.

ಬೈಕಿಗೆ ಹಿಂದಿನ ಸೀಟು ಬಂದಿತ್ತು. ತೆಳ್ಳಗೆ, ಮುಂದಿನ ಸೀಟಿನಿಂದಲೇ ಹರಿದು ಬಂದ ಹಾಗೆ. ಚಕ್ರದ ಬದಿಗೆ ಸಪೂರ ಕಂಬಿಗಳ ಗಾರ್ಡು, ಕಾಲಿಡಲು ಒಂದು ಪುಟ್ಟ ಹಲಗೆ. ಬೇರೆ ಯಾವುದೂ ಹೆಚ್ಚಿರಲಿಲ್ಲ. ಮೊದಲ ಸಲ, ವಸಂತ, ಆ ಗಾಡಿ ನನಗೂ ಚಂದ ಕಂಡಿತು.

"ಕಬಕದಲ್ಲಿ ವೆಲ್ಡಿಂಗ್ ಮಾಡಿಸಿದೆ," ಎಂದೆ ನೀನು. "ಆವತ್ತು ನೀನು ಮಗುವನ್ನು ಹಿಡ್ಕೊಂಡು ನಿಂತದ್ದು ಕಣ್ಣಿನಿಂದ ಹೋಗುದಿಲ್ಲ ಅಕ್ಕ. ಮತ್ತೆ ಹೇಮಳಿಗೂ ಬೇಕಲ್ಲ ಅಂತ — ಇರಲಿ."

ಆ ಕ್ಷಣವೇ ನಾನು ಆ ಎರಡು ತಿರುವು ದಾಟಿ ಓಡಬೇಕಿತ್ತು. ಹೇಮಳಿಗೆ ಬೇರೆ ಕಡೆ ಇನ್ನೂ ನಿಶ್ಚಯವಾಗಿರಲಿಲ್ಲ. ಓಡಲಿಲ್ಲ. ಸುಳ್ಳು ಹೇಳಿದೆ ಎಂದು ಹೇಗೆ ಹೇಳುವುದು, ನಿನ್ನ ಭಾವ ಏನೆಂದಾರು, ಅವರು ಏನೆಂದುಕೊಂಡಾರು — ಎನ್ನುತ್ತ ದಿನ ತಳ್ಳಿದೆ. ಸುಳ್ಯದ ಗಂಡಿನ ಜೊತೆ ಅವಳ ಮದುವೆಯಾಯಿತು. ಊಟಕ್ಕೆ ಹೋಗಿ, ಪಾಯಸ ಉಂಡು ಬಂದೆ.

ನೀನು ಆ ಬೈಕು ಮಾರಿ ಎಲ್ಲರ ಹಾಗೆ ಒಂದು ಸ್ಕೂಟರ್ ತೆಗೆದುಕೊಂಡೆ. ಅದಕ್ಕೆ ಒಂದು ಸ್ಕ್ರೂ ಕೂಡ ಬದಲಿಸಲಿಲ್ಲ. ಮತ್ತೆ ಯಾವ ಹುಡುಗಿಯನ್ನು ನೋಡಲಿಕ್ಕೂ ಒಪ್ಪಲಿಲ್ಲ. "ಅವನ ಹಟವೇ ಹಾಗೆ," ಎಂದು ಕೇಳಿದವರಿಗೆಲ್ಲ ನಾನೇ ಹೇಳುತ್ತ ಬಂದೆ. ನನ್ನ ಧೈರ್ಯವೇ!

ಕಳೆದ ತಿಂಗಳು ಸುಳ್ಯದಲ್ಲೊಂದು ಮದುವೆಯಲ್ಲಿ ಹೇಮ ಸಿಕ್ಕಿದಳು. ಮಕ್ಕಳು ದೊಡ್ಡವರಾಗಿದ್ದಾರೆ, ಗಂಡ ಒಳ್ಳೆಯವನು. ಕೈ ತೊಳೆಯುವಲ್ಲಿ ನಾವಿಬ್ಬರೇ ಇದ್ದಾಗ ಕೇಳಿದಳು: "ಲಲಿತಕ್ಕ, ಬೇಜಾರು ಮಾಡ್ಬೇಡಿ. ನಿಮ್ಮ ತಮ್ಮನಿಗೆ ಆಗ ನನ್ನಲ್ಲಿ ಎಂತ ಸರಿ ಕಾಣ್ಲಿಲ್ಲ?"

ಇಷ್ಟು ವರ್ಷ ಅವಳೂ ಅದನ್ನು ಹೊತ್ತುಕೊಂಡಿದ್ದಳು. ನಾನು ನೀರಿನ ಶಬ್ದಕ್ಕೆ ಕೇಳಿಸದವಳಂತೆ ಸೆರಗಿಗೆ ಕೈ ಒರೆಸಿಕೊಂಡು ಬಂದೆ — ಆಗಲೂ.

ಇನ್ನು ಸಾಕು. ನಾಳೆ ಸುಳ್ಯಕ್ಕೆ ಹೋಗಿ ಅವಳಿಗೆ ಉತ್ತರ ಕೊಡುತ್ತೇನೆ. ಅಲ್ಲಿಂದ ಪುತ್ತೂರಿಗೆ, ನಿನ್ನ ಅಂಗಡಿಗೆ. ಇಲ್ಲಿ ಬರೆದದ್ದನ್ನು ನಿನ್ನ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಲ್ಲುವುದಿಲ್ಲ. ನಿನ್ನ ಮುಖ ನೋಡಿಕೊಂಡೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಏನು ಹೇಳಿದರೂ — ಅಥವಾ ಏನೂ ಹೇಳದೆ ಬಾಗಿಲು ಹಾಕಿಕೊಂಡರೂ — ಕೇಳಿಸಿಕೊಂಡು ಬರುತ್ತೇನೆ.