ಆರು ಅಡಿಯ ಇಳಿಜಾರು

ಹಳೇ ಹುಬ್ಬಳ್ಳಿಯ ಬಂದೇನವಾಜ ತನ್ನ ಜೀವಮಾನದಲ್ಲಿ ಎಷ್ಟು ಹೊಲ ಅಳೆದನೋ ಅವನಿಗೇ ನೆನಪಿರಲಿಲ್ಲ. ಸ್ವಂತಕ್ಕೆ ಮಾತ್ರ ಒಂದು ಕೋಣೆ, ಒಂದು ಪಡಸಾಲೆ, ಮುಂದೆ ಹೆಂಡತಿ ಗುಲ್ಜಾರಬಿ ಪುದೀನ ಹಚ್ಚಿದ್ದ ಮೊಳದಷ್ಟು ಮಣ್ಣು. ಅವನು ಧಾರವಾಡದ ಸರಕಾರಿ ಕಚೇರಿಯೊಂದರಲ್ಲಿ ಅಳತೆಯ ಆಳು. ಸಾಹೇಬರು ದಿಬ್ಬದ ಮೇಲೆ ದುರ್ಬೀನಿಗೆ ಕಣ್ಣು ಹಚ್ಚಿ ಕೂತರೆ, ಇವನು ಹೊಲದ ಮೇಲಿನ ತುದಿಯಲ್ಲೊಮ್ಮೆ ಕೆಳಗಿನ ತುದಿಯಲ್ಲೊಮ್ಮೆ ಅಂಕಿ ಬರೆದ ಉದ್ದನೆಯ ಪಟ್ಟಿಯನ್ನು ನೆಟ್ಟಗೆ ಹಿಡಿದು ನಿಲ್ಲಬೇಕು. ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಆ ನೆಲದ ಇಳಿಜಾರು. ನೋಡುವವರಿಗೆ ಇವನೊಂದು ಕಂಬ. ಕಂಬಕ್ಕೂ ಒಂದು ಮನಸ್ಸಿರುತ್ತದೆ ಎಂದು ಯಾವ ಸಾಹೇಬನೂ ಯೋಚಿಸಿದವನಲ್ಲ.

ಇಪ್ಪತ್ತು ವರ್ಷ ನಡೆದೂ ನಡೆದೂ ಅವನ ಪಾದಗಳೇ ಅಳತೆ ಕಲಿತಿದ್ದವು. ಹೊಲದಲ್ಲಿ ಮೇಲಿಂದ ಕೆಳಗೆ ಒಮ್ಮೆ ಇಳಿದರೆ ಸಾಕು, ನೂರು ಅಡಿಗೆ ಇಷ್ಟು ಇಳಿತ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಆಮೇಲೆ ಸಾಹೇಬರು ಕೂಗುವ ಅಂಕಿಯೂ ಅದೇ ಇರುತ್ತಿತ್ತು. ಈ ಜಂಬವನ್ನು ಅವನು ಗುಲ್ಜಾರಬಿಯ ಮುಂದೆ ಬಿಟ್ಟರೆ ಯಾರ ಮುಂದೆಯೂ ಕೊಚ್ಚಿಕೊಂಡವನಲ್ಲ. ಅವಳು, "ಹಂಗಾರ ಈ ಪಡಸಾಲಿ ಯಾಕ ಸೊಟ್ಟ ಐತಿ, ಅದನ್ನಷ್ಟ ಹೇಳ್ರಿ" ಎಂದು ಛೇಡಿಸುತ್ತಿದ್ದಳು.

ಸಾವಿರದ ಒಂಬೈನೂರಾ ಮೂವತ್ತೊಂಬತ್ತರ ಬೇಸಿಗೆಯಲ್ಲಿ ಒಂದು ಯೋಜನೆ ಬಂತು. ಮಳೆಗೆ ಹೊಲದ ಮಣ್ಣು ಕೊಚ್ಚಿ ಹೋಗುತ್ತದೆ, ಅದನ್ನು ತಡೆಯಲು ಸರಕಾರವೇ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿಸಿ ಕೊಡುತ್ತದೆ ಎಂದು. ಒಳ್ಳೆಯ ಮಾತೇ. ಆದರೆ ನೂರು ಅಡಿಗೆ ಎಂಟು ಅಡಿ ಇಳಿಯುವ ಹೊಲದವರೆಗೆ ಮಾತ್ರ. ಅದಕ್ಕೂ ಕಡಿದಾಗಿದ್ದರೆ ಅದು ಹೊಲವಲ್ಲ, ಗುಡ್ಡ. ಗುಡ್ಡದಲ್ಲಿ ಹುಲ್ಲು ಬೆಳೆಯಲಿ ಎಂದು ಕಾಯಿದೆ. ಮಣ್ಣು ಹೆಚ್ಚು ಹರಿದುಹೋಗುವುದು ಗುಡ್ಡದಿಂದಲೇ ಎಂಬುದು ಗುಡ್ಡ ಹತ್ತಿದವರಿಗೆ ಗೊತ್ತು. ಕಾಯಿದೆ ಬರೆದವರು ಹತ್ತಿದವರಲ್ಲ.

ಧಾರವಾಡದ ಪಡುವಲಕ್ಕೆ ಕಾರೀಗುಡ್ಡ ಎಂಬ ಗುಡ್ಡವಿತ್ತು. ಅದರ ಮಗ್ಗುಲಲ್ಲಿ ಹುಲಗಪ್ಪ ಮತ್ತು ಅವನ ಹೆಂಡತಿ ಸಾವಕ್ಕನ ನಾಲ್ಕು ಎಕರೆ. ಕೆಳಗಿನ ಊರಿನಲ್ಲಿ ಅವರ ಕುಲದವರಿಗೆ ಯಾರೂ ನೆಲ ಕೊಡುತ್ತಿರಲಿಲ್ಲವಾದ್ದರಿಂದ, ಹುಲಗಪ್ಪನ ಅಪ್ಪ ಯಾರಿಗೂ ಬೇಡವಾದ ಈ ಇಳಿಜಾರನ್ನು ಹಿಡಿದು ಮೂರು ಕಲ್ಲಿನ ಗೋಡೆ ಕಟ್ಟಿದ್ದ. ಅವುಗಳ ಹಿಂದೆ ನಿಂತಷ್ಟು ಮಣ್ಣಿನಲ್ಲಿ ನವಣೆ, ಸಾವೆ, ಹುರಳಿ. ಮಳೆಗಾಲದಲ್ಲಿ ಗೋಡೆ ದಾಟಿ ಇಳಿದ ಮಣ್ಣನ್ನು ಗಂಡ ಹೆಂಡತಿ ಪ್ರತಿ ಬೇಸಿಗೆಯಲ್ಲೂ ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಮತ್ತೆ ಮೇಲಕ್ಕೆ ಒಯ್ದು ಹರಡುತ್ತಿದ್ದರು. ವರ್ಷಾ ವರ್ಷಾ ಅದೇ ಮಣ್ಣು, ಅದೇ ತಲೆ.

ಅಳತೆಗೆ ಗೂಟ ಹೊಡೆಯಲು ಹುಲಗಪ್ಪನನ್ನೇ ದಿನಗೂಲಿಗೆ ಹಿಡಿದಿದ್ದರು. ಮಧ್ಯಾಹ್ನ ಉಳಿದ ಆಳುಗಳು ದೂರ ಹೋಗಿ ಬುತ್ತಿ ಬಿಚ್ಚಿದರೆ ಬಂದೇನವಾಜ ಹುಲಗಪ್ಪನ ಗುಡಿಸಲ ಮುಂದೆಯೇ ಕೂತ. ಸಾವಕ್ಕ ಅಂಜುತ್ತಲೇ ನವಣೆ ಅನ್ನ, ಹುರಳಿ ಕಟ್ಟು ಬಡಿಸಿದಳು. ಅವನು ಎರಡನೆಯ ಸಲ ಕೇಳಿ ಹಾಕಿಸಿಕೊಂಡ.

"ಸಾಬರ, ನಮ್ಮ ಹೊಲ ಅದರಾಗ ಬರತೈತೇನ್ರಿ?" ಎಂದು ಹುಲಗಪ್ಪ ಕೇಳಿದ. "ಈಕಿ ಕುತ್ತಿಗಿ ನೋವಂತಾಳ್ರಿ. ಇನ್ನ ಎಷ್ಟ ವರ್ಷ ಮಣ್ಣ ಹೊರೂದು?"

ಬಂದೇನವಾಜ ಬೆಳಿಗ್ಗೆಯೇ ಆ ಹೊಲದಲ್ಲಿ ಇಳಿದು ನೋಡಿದ್ದ. ಒಂಬತ್ತೂವರೆ ಅಡಿ ಎಂದು ಪಾದ ಹೇಳಿತ್ತು. "ನಾಳೆ ನೋಡೂಣಪಾ" ಎಂದು ಕೈ ತೊಳೆದ.

ಮರುದಿನ ನೂರು ಅಡಿ ಅಂತರಕ್ಕೆ ಹೊಡೆದ ಎರಡು ಗೂಟಗಳಲ್ಲಿ ಮೇಲಿನದರ ಹತ್ತಿರ ಪಟ್ಟಿ ಹಿಡಿಯುವಾಗ ಪಕ್ಕದಲ್ಲೊಂದು ತಗ್ಗು ಕಂಡಿತು. ಹಿಂದೆ ಯಾವಾಗಲೋ ಮರದ ಬೊಡ್ಡೆ ಕಿತ್ತ ಜಾಗ, ಎರಡು ಅಡಿ ಆಳ, ಸುತ್ತ ಒಣ ಹುಲ್ಲು. ಸಾಹೇಬರು ದೂರದ ದಿಬ್ಬದ ಮೇಲೆ. ಅವರಿಗೆ ಕಾಣುವುದು ಪಟ್ಟಿಯ ಅಂಕಿ, ಬುಡವಲ್ಲ. ಬಂದೇನವಾಜ ಪಟ್ಟಿಯನ್ನು ತಗ್ಗಿನೊಳಗೆ ಇಳಿಸಿ ನೆಟ್ಟಗೆ ನಿಂತ. ಮೇಲಿನ ನೆಲ ಎರಡು ಅಡಿ ಕೆಳಗೆ ಇಳಿದರೆ ಇಳಿಜಾರು ಏಳೂವರೆ ಆಗುತ್ತದೆ. ಏಳರ ಮೇಲಿದ್ದರೆ ಮೂರು ಒಡ್ಡು ಸಿಗುತ್ತವೆ. ಇಪ್ಪತ್ತು ವರ್ಷದಲ್ಲಿ ಮಾಡಿದ ಮೊದಲ ಮೋಸ. ಪಟ್ಟಿ ಮಾತ್ರ ಅಲುಗಲಿಲ್ಲ.

ಕೆಳಗಿನ ಗೂಟದ ಹತ್ತಿರವೂ ಅಳತೆ ಮುಗಿದಾಗ ಸಾಹೇಬರು ದಿಬ್ಬದಿಂದ ಕೂಗಿದರು: "ಆರು ಅಡಿ!"

ಆರು? ಬಂದೇನವಾಜ ಬೆಚ್ಚಿದ. ಏಳೂವರೆ ಬರಬೇಕಿತ್ತು. ಪಾದ ಮೊದಲ ಸಲ ತಪ್ಪಿತೇ? ಗೂಟದ ಪಕ್ಕ ನಿಂತಿದ್ದ ಹುಲಗಪ್ಪನೂ ಬಾಯಿ ತೆರೆದು ಇವನ ಮುಖ ನೋಡಿದ, ಏನೂ ಹೇಳದೆ ಮುಚ್ಚಿದ. ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದು ಬಂದೇನವಾಜ ತಿಳಿದ.

ಆರು ಅಡಿಯ ಇಳಿಜಾರಿಗೆ ಎರಡೇ ಒಡ್ಡು, ಅವೂ ಗಿಡ್ಡ. ಹಳೆಯ ಮೂರು ಗೋಡೆಗಳ ಕಲ್ಲು ಕಿತ್ತು, ನೀರು ಹೊರಗೆ ಹೋಗುವ ಕೋಡಿಗೆ ಬಳಸಿದರು. ಮೂರನೆಯ ಗೋಡೆ ಕೀಳುವ ದಿನ ಹುಲಗಪ್ಪ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಸಾಬರ, ಎರಡ ಒಡ್ಡು ತಡೀತಾವೇನ್ರಿ?"

"ಸಾಹೇಬರ ಲೆಕ್ಕ ಐತಿ. ತಡೀತಾವ."

"ನೀವು ಅಳದೀರಿ, ನಿಮಗ ಗೊತ್ತಿರತೈತಿ" ಎಂದು ಹುಲಗಪ್ಪ ಇನ್ನೂ ಸ್ವಲ್ಪ ಹೊತ್ತು ನಿಂತ. ಇಬ್ಬರೂ ಕಿತ್ತ ಕಲ್ಲುಗಳನ್ನು ನೋಡಿದರು. ಆ ಗಳಿಗೆಯಲ್ಲಿ ಬಂದೇನವಾಜ ಬಾಯಿ ಬಿಟ್ಟಿದ್ದರೆ ಕೆಲಸ ಹೋಗುತ್ತಿತ್ತು, ಅಷ್ಟೇ. ಅವನು ಬಿಡಲಿಲ್ಲ.

ಮರು ವರ್ಷ ಆಷಾಢದಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಐದನೆಯ ದಿನ ಬೆಳಿಗ್ಗೆ ಹುಲಗಪ್ಪ ಮಳೆಗೆ ತಲೆಯ ಮೇಲಿಂದ ಕಂಬಳಿ ಕೊಪ್ಪೆ ಹಾಕಿಕೊಂಡು, ಸಲಿಕೆ ಹಿಡಿದು, ಕೋಡಿ ಬಿಡಿಸಲು ಹೋದ. ಮೇಲಿನ ಒಡ್ಡು ಒಡೆಯಿತು, ಅದರ ನೀರಿಗೆ ಕೆಳಗಿನದೂ ಒಡೆಯಿತು. ಅಪ್ಪನ ಕಾಲದಿಂದ ಹೊತ್ತು ಹೊತ್ತು ಹಾಕಿದ ಮಣ್ಣು ಒಂದೇ ಮುಂಜಾನೆಯಲ್ಲಿ ಇಳಿದುಹೋಯಿತು, ಹುಲಗಪ್ಪನನ್ನೂ ಒಯ್ದಿತು. ಮಣ್ಣು ತೆಗೆದು ಅವನನ್ನು ಹೊರಗೆ ಎತ್ತಿದಾಗ ಸಲಿಕೆ ಕೈಯಲ್ಲೇ ಇತ್ತಂತೆ. ಕಚೇರಿಯ ಕಾಗದದಲ್ಲಿ ಅತಿವೃಷ್ಟಿ ಎಂದು ಬರೆದರು. ಯಾರದೂ ತಪ್ಪಿಲ್ಲ ಎಂದಾಯಿತು.

ಅಲ್ಲಿಂದ ಬಂದೇನವಾಜನಿಗೆ ಸಪಾಟು ನೆಲವೆಂಬುದೇ ಇಲ್ಲವಾಯಿತು. ದುರ್ಗದಬೈಲಿನ ಸಂತೆಯಲ್ಲಿ ನಡೆಯುವಾಗಲೂ ಒಂದೊಂದು ಹೆಜ್ಜೆ ಒತ್ತಿ ನೋಡಿ ಇಡುತ್ತಿದ್ದ. ಈದ್ ಹಬ್ಬದ ನಮಾಜಿಗೆ ಸಾಲಿನಲ್ಲಿ ಬಾಗಿದರೆ ಹಣೆಯ ಕೆಳಗಿನ ನೆಲ ವಾಲಿದಂತೆ ಆಗಿ ಬೆರಳುಗಳಿಂದ ಚಾಪೆ ಹಿಡಿದುಕೊಳ್ಳುತ್ತಿದ್ದ. ಎಲ್ಲಕ್ಕಿಂತ ಕೆಟ್ಟದ್ದು ಹೊಲದಲ್ಲಿ. ಯಾವ ಊರಾಗಲಿ, ಮೇಲಿನ ತುದಿಯಲ್ಲಿ ಪಟ್ಟಿ ಹಿಡಿದು ನಿಂತರೆ ಕೆಳಗಿನ ತುದಿಯಲ್ಲಿ ಕಂಬಳಿ ಕೊಪ್ಪೆ ಹಾಕಿದವನೊಬ್ಬ ಮೊಣಕಾಲುದ್ದ ಮಣ್ಣಿನಲ್ಲಿ ನಿಂತಿರುತ್ತಿದ್ದ. ಹಾಡಹಗಲು, ರಣಬಿಸಿಲಲ್ಲಿ, ಕೊಪ್ಪೆಯಿಂದ ನೀರು ಸೋರುತ್ತಿರುತ್ತಿತ್ತು. ಅವನು ಬಂದೇನವಾಜನನ್ನು ನೋಡುತ್ತಿರಲಿಲ್ಲ, ತನ್ನ ಕಾಲ ಬುಡವನ್ನೇ ನೋಡುತ್ತಿದ್ದ. ಇವನು ಇಳಿದು ಅಲ್ಲಿಗೆ ಹೋಗುವಷ್ಟರಲ್ಲಿ ಯಾರೂ ಇರುತ್ತಿರಲಿಲ್ಲ. ಒಣ ಮಣ್ಣು, ಒಂದು ಗೂಟ.

"ಯಾರನ್ನ ನೋಡಾಕತ್ತೀರಿ?" ಎಂದು ಗುಲ್ಜಾರಬಿ ಊಟದ ನಡುವೆ ಕೇಳುವಳು. ಇವನು ಮೂಲೆಯತ್ತ ನೋಡುವುದನ್ನು ಬಿಟ್ಟು ತುತ್ತು ಎತ್ತಿಕೊಳ್ಳುವನು. ತಾಯಿತ ಕಟ್ಟಿಸಿದಳು, ದರ್ಗಾಕ್ಕೆ ಸಕ್ಕರೆ ಓದಿಸಿದಳು. ಏನೂ ಕಡಿಮೆಯಾಗಲಿಲ್ಲ.

ಸಾವಕ್ಕ ಗುಡಿಸಲು ಬಿಡಲಿಲ್ಲ. ಬೋಳು ಹೊಲದಲ್ಲಿ ಬೆಳೆದ ಹುಲ್ಲನ್ನೇ ಕೊಯ್ದು ಧಾರವಾಡದಲ್ಲಿ ಹೊರೆ ಮಾರುತ್ತಿದ್ದಳು. ಬಂದೇನವಾಜ ಅವಳನ್ನು ಹುಡುಕಿಕೊಂಡು ಹೋಗಿ ಜೋಳವೋ ಬೆಲ್ಲವೋ ಕೈಗೆ ಇಟ್ಟು ಬರುತ್ತಿದ್ದ. ಅವಳು ತೆಗೆದುಕೊಳ್ಳುತ್ತಿದ್ದಳು, ಮುಖ ಎತ್ತುತ್ತಿರಲಿಲ್ಲ. ಇವಳಿಗೆ ಎಲ್ಲ ಗೊತ್ತು, ಅದಕ್ಕೇ ನನ್ನ ಮುಖ ನೋಡಲು ಹೇಸುತ್ತಾಳೆ ಎಂದು ಅವನು ನಂಬಿದ್ದ. ಆ ನಂಬಿಕೆ ಹೊತ್ತುಕೊಂಡೇ ಆರು ವರ್ಷ ಕಳೆದ.

ನಲವತ್ತಾರರಲ್ಲಿ ಸರಕಾರಕ್ಕೆ ಕೊನೆಗೂ ಗುಡ್ಡ ಕಂಡಿತು. ದೇಶದಲ್ಲಿ ಕಾಳಿಗೆ ತತ್ವಾರ. ಗುಡ್ಡದ ಮೇಲೂ ಬೆಳೆ ಬರಲಿ ಎಂದು ಹೊಸ ಹುಕುಂ. ಕಡಿದಾದ ಹೊಲಗಳಿಗೆ ಸರಕಾರದಿಂದ ಕಲ್ಲಿನ ಗೋಡೆ, ಎರಡು ವರ್ಷದ ಬೀಜ, ಕೆಳಗಿಂದ ಮಣ್ಣು ತರಲು ಬಂಡಿ. ಹುಲಗಪ್ಪನ ಅಪ್ಪ ಕೈಯಿಂದ ಕಟ್ಟಿದ್ದನ್ನು ಈಗ ಕಾಗದದ ಮೇಲೆ ಬರೆದು ಯೋಜನೆ ಎಂದರು, ಇರಲಿ. ಷರತ್ತು ಒಂದೇ: ಇಳಿಜಾರು ಎಂಟು ಅಡಿ ಮೀರಿರಬೇಕು.

ಚಾವಡಿಯಲ್ಲಿ ಗುಮಾಸ್ತ ಹೆಸರುಗಳ ಯಾದಿ ಓದುವಾಗ ಬಂದೇನವಾಜ ಬಾಗಿಲಲ್ಲಿ ನಿಂತಿದ್ದ. ಸಾವಕ್ಕ ಹೊರಗೆ ಕಟ್ಟೆಯ ಕೆಳಗೆ ಕೂತಿದ್ದಳು. ಅವಳ ಹೆಸರು ಬಂದಾಗ ಗುಮಾಸ್ತ ಹಳೆಯ ಅಳತೆಯ ಪುಸ್ತಕ ತಿರುವಿ, "ಆರು ಅಡಿ ಐತಿ. ಇದು ಬರೂದಿಲ್ಲ" ಎಂದು ಮುಂದಿನ ಹೆಸರಿಗೆ ಹೋದ. ಸಾವಕ್ಕ ಎದ್ದು, ಸೆರಗು ಕೊಡವಿ, ಹುಲ್ಲಿನ ಹೊರೆ ಎತ್ತಿಕೊಂಡು ಹೊರಟಳು.

ಅಂದು ಮನೆಗೆ ಬಂದು ಬಂದೇನವಾಜ ಹೆಂಡತಿಗೆ ಎಲ್ಲ ಹೇಳಿದ. ಗುಲ್ಜಾರಬಿ ಕೈಯಲ್ಲಿದ್ದ ಹೊಲಿಗೆಯನ್ನು ಕೆಳಗಿಟ್ಟಳು.

"ಏಳ ವರ್ಷ ನನ್ನ ಮಗ್ಗಲದಾಗ ಮಲಗಿ ಇದನ್ನ ಮುಚ್ಚಿಟ್ರಿ?"

"ಹೇಳಿದ್ರ ನೌಕರಿ ಹೋಗತಿತ್ತು. ಈಗ ಪೆನ್ಶನ್ನಿಗೆ ಎರಡ ವರ್ಷ ಉಳದಾವ."

"ಆಕಿ ಹೊಲ ಹೋತು, ಗಂಡ ಹೋದ. ನಿಮ್ಮದೇನ ಹೋತ್ರಿ?" ಎಂದಳು. ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿ, "ನಿಮ್ಮ ನಿದ್ದಿ ಹೋತು, ಖರೆ. ಹೋಗ್ರಿ, ಹೇಳಿ ಬರ್ರಿ. ನನಗ ಹೊಲಿಗಿ ಬರತೈತಿ" ಎಂದಳು.

ಹೊಸ ಸಾಹೇಬ ಎಳೆಯ ವಯಸ್ಸಿನವನು, ಕೆಟ್ಟವನಲ್ಲ. ಕೇಳಿ ಕುರ್ಚಿಗೆ ಒರಗಿದ. "ಬಂದೇನವಾಜ, ಇದನ್ನ ಬರದುಕೊಂಡ ಮ್ಯಾಲ ನಾ ನಿನ್ನ ಉಳಿಸಾಕ ಆಗೂದಿಲ್ಲ. ಇನ್ನೊಮ್ಮೆ ವಿಚಾರ ಮಾಡು."

"ವಿಚಾರ ಮಾಡೇ ಬಂದೇನ್ರಿ, ಸಾಹೇಬರ. ಬರಕೊಳ್ರಿ. ಆದ್ರ ಆ ಹೊಲ ಮತ್ತ ಅಳೀರಿ. ಪಟ್ಟಿ ನಾನ ಹಿಡೀತೇನಿ, ಕಡೀಸಲ."

ಎರಡು ದಿನದ ಮೇಲೆ ಕಾರೀಗುಡ್ಡಕ್ಕೆ ಹೋದರು. ಹೊಲದ ನಡುಭಾಗ ಕಿತ್ತು ಬಂಡೆ ಕಾಣುತ್ತಿತ್ತು. ಎರಡು ಗೂಟಗಳಿದ್ದ ಅಂಚು ಮಾತ್ರ ಹಾಗೇ ಉಳಿದಿತ್ತು. ಸಾವಕ್ಕ ಗುಡಿಸಲ ಮುಂದೆ ನಿಂತು ನೋಡುತ್ತಿದ್ದಳು. ಬಂದೇನವಾಜ ತಗ್ಗು ಬಿಟ್ಟು ಗಟ್ಟಿ ನೆಲದ ಮೇಲೆ ಪಟ್ಟಿ ಇಟ್ಟ. ಕೆಳಗಿನ ತುದಿಗೆ ಬಂದು ಹಳೆಯ ಗೂಟದ ಹತ್ತಿರವೂ ಇಟ್ಟ. ಒಂಬತ್ತೂವರೆ ಎಂಬ ಕೂಗಿಗೆ ಕಾದ.

"ಎಂಟು ಅಡಿ!" ಎಂದು ಸಾಹೇಬ ಕೂಗಿದ. ಕೆಳಗಿಳಿದು ಬಂದು ಬೇಸರದಿಂದ ಹೇಳಿದ: "ಎಂಟು ಮೀರಬೇಕು. ಎಂಟಕ್ಕ ಬರೂದಿಲ್ಲ. ನಿನ್ನ ನೌಕರೀನೂ ಹೋತು, ಈಕಿಗೂ ಏನೂ ಆಗಲಿಲ್ಲ."

ಬಂದೇನವಾಜ ಪಟ್ಟಿಯ ಬುಡ ನೋಡಿಕೊಂಡ. ಎರಡನೆಯ ಸಲವೂ ಅಂಕಿ ಅವನ ಪಾದದ ಮಾತಿಗೆ ಒಪ್ಪಲಿಲ್ಲ. ಸತ್ತವನು ಸೇಡು ತೀರಿಸಿಕೊಳ್ಳುತ್ತಿದ್ದಾನೆ, ನಿಜ ಹೇಳಿದರೂ ಬಿಡುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. "ಇಲ್ರಿ, ಒಂಬತ್ತೂವರಿ ಐತಿ" ಎಂದ. "ಅಲ್ಲಾನ ಆಣೆ, ಈ ಸಲ ನಾ ಏನೂ ಮಾಡಿಲ್ಲರಿ."

ಸಾವಕ್ಕ ಯಾವಾಗ ಹತ್ತಿರ ಬಂದಳೋ. "ಸಾಬರ, ನೀವೇನ ಮಾಡಿದ್ರಿ ಮೊದಲ?" ಎಂದು ಕೇಳಿದಳು.

ಅವನು ಹೇಳಿದ. ತಗ್ಗಿನಲ್ಲಿ ಪಟ್ಟಿ ಇಳಿಸಿದ್ದು, ಅವರಿಗೆ ಒಡ್ಡು ಸಿಗಲಿ ಎಂದು ಸುಳ್ಳು ಅಳತೆ ಕೊಟ್ಟಿದ್ದು. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ಸಾವಕ್ಕ ಕೆಳಗಿನ ಗೂಟದ ಹತ್ತಿರ ಕೂತು ಕೈಯಿಂದಲೇ ಹುಲ್ಲು ಕಿತ್ತಳು, ಮಣ್ಣು ಸರಿಸಿದಳು. ಗೇಣು ಮಣ್ಣಿನ ಕೆಳಗೆ ಚಪ್ಪಟೆಯಾದ ದೊಡ್ಡ ಕಲ್ಲು.

"ಇದನ್ನ ತಗಸ್ರಿ" ಎಂದಳು. "ಅವ ಹುಗದದ್ದು. ಗೂಟ ಹೊಡಿಯೂ ಜಾಗಾ ಅವಗ ಗೊತ್ತಿತ್ತಲ್ಲರಿ. ಹಿಂದಿನ ದಿನ ಸಂಜೀಕ ಕಲ್ಲ ಇಟ್ಟು ಮ್ಯಾಲ ಮಣ್ಣ, ಹುಲ್ಲ ಹಾಕಿದ. ಕೆಳಗಿನ ನೆಲ ಎತ್ತರ ಆದ್ರ ಇಳಿಜಾರ ಕಡಿಮಿ ಆಗತೈತಿ ಅಂತ ಹೇಳಿದಾಕಿ ನಾನ. ನೀವು ಒಳ್ಳೇವ್ರು, ನಿಮಗ ಮೋಸ ಮಾಡಿದ್ವಿ ಅಂತ ನಿಮ್ಮ ಮಾರಿ ನೋಡಾಕ ಆಗತಿರಲಿಲ್ಲ ನನಗ."

ಮೂವರು ಆಳುಗಳು ಹಾರೆ ಹಾಕಿ ಕಲ್ಲು ಎತ್ತಿದರು. ಒಂದೂವರೆ ಅಡಿಯ ತಗ್ಗು ಬಿತ್ತು. ಬಂದೇನವಾಜ ಅದರಲ್ಲಿ ಪಟ್ಟಿ ಇಳಿಸಿ ಹಿಡಿದ. ಸಾಹೇಬ ದಿಬ್ಬಕ್ಕೆ ಹೋಗಿ ನೋಡಿ, "ಒಂಬತ್ತೂವರಿ!" ಎಂದು ಕೂಗಿ ಪುಸ್ತಕದಲ್ಲಿ ಬರೆದುಕೊಂಡ. ಸಾವಕ್ಕನ ಹೊಲ ಯೋಜನೆಯೊಳಗೆ ಬಂತು.

ಆಳುಗಳು ಸಾಮಾನು ಕಟ್ಟತೊಡಗಿದರು. ಸಾವಕ್ಕ ಕಲ್ಲಿನ ಮೇಲೆ ಕೂತಿದ್ದಳು.

"ನಾವು ಇದನ್ನ ಇಡದಿದ್ರ, ನಿಮ್ಮ ತಗ್ಗೊಂದ ಸಾಕಾಗತಿತ್ತೇನ್ರಿ?"

ಇಲ್ಲ ಎಂದುಬಿಡಬೇಕು ಎಂದು ಬಂದೇನವಾಜನಿಗೆ ಅನ್ನಿಸಿತು. ಒಂದೇ ಒಂದು ಮಾತು, ಅವಳಿಗೆ ಸಮಾಧಾನವಾಗುತ್ತಿತ್ತು. ಹಾಗೆ ಕನಿಕರಕ್ಕೆ ಆಡಿದ ಸುಳ್ಳು ಏನು ಮಾಡುತ್ತದೆ ಎಂದು ಅವನು ಏಳು ವರ್ಷ ನೋಡಿದ್ದ.

"ಸಾಕಾಗತಿತ್ತವ್ವಾ. ಏಳೂವರಿ ಬರತಿತ್ತು, ಮೂರ ಒಡ್ಡು ಸಿಗತಿದ್ವು. ನಾ ಸುಮ್ಮನಿದ್ದು ನಿಮ್ಮ ಕಲ್ಲೊಂದ ಇದ್ದಿದ್ರೂ ಅಷ್ಟ, ಎಂಟು. ಆಗೂ ಮೂರ."

ಸಾವಕ್ಕ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ನೀವರೆ ಅವಗ ಒಂದ ಮಾತ ಹೇಳಬೇಕಾಗಿತ್ತು, ಇಲ್ಲಾ ಅವನರೆ ನಿಮಗ."

"ಹೌದವ್ವಾ" ಎಂದು ಬಂದೇನವಾಜ ಅವಳ ಪಕ್ಕ ನೆಲದ ಮೇಲೆ ಕೂತ.