ಸಂಕಪ್ಪಣ್ಣ ತಿದ್ದಿದ ಸಿನಿಮಾ

ಒಂದೇ ಟಿಕೆಟಿನಲ್ಲಿ ಎರಡು ಸಿನಿಮಾ ನೋಡಿದ್ದೀರಾ? ನಾನು ನೋಡಿದ್ದೇನೆ. ಒಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಓಡುತ್ತಿತ್ತು. ಇನ್ನೊಂದು ಮುಂದಿನ ಸಾಲಿನಿಂದ ತುಳುವಿನಲ್ಲಿ ಕೇಳಿಸುತ್ತಿತ್ತು. ಕೊನೆಕೊನೆಗೆ ಒಂದರ ಕತೆಗೂ ಇನ್ನೊಂದರ ಕತೆಗೂ ಸಂಬಂಧವೇ ಇರಲಿಲ್ಲ.

ಎರಡು ತಿಂಗಳ ಹಿಂದಿನ ಮಾತು. ನಮ್ಮೂರಿನ ಟಾಕೀಸಿಗೆ ಹಳೆಯ ಇಂಗ್ಲಿಷ್ ವಿಜ್ಞಾನ ಚಿತ್ರವೊಂದು ಬಂತು. ಹಳೆಯದು ಎಂದರೆ ಎರಡನೆಯ ಮಹಾಯುದ್ಧಕ್ಕೂ ಮೊದಲಿನದು. ಗಾಡಿಯಲ್ಲಿ ಬ್ಯಾಂಡು ಬಾರಿಸುತ್ತಾ ಹಂಚಿದ ನೋಟೀಸಿನಲ್ಲಿ ಮಾತ್ರ ಕನ್ನಡದ ದಪ್ಪಕ್ಷರ: ‘ಕುರುಡನಿಗೆ ಕಣ್ಣು ಕೊಟ್ಟ ವಿಜ್ಞಾನಿ. ಇಂದೇ, ನಿಮ್ಮ ನಡುವೆಯೇ ನಡೆಯುವ ಕತೆ.’ (ನೋಟೀಸು ಬರೆದವರು ಸಿನಿಮಾ ನೋಡಿರಲಿಲ್ಲ ಎಂಬುದು ಇಂಟರ್‌ವಲ್ ಆದ ಮೇಲೆ ಗೊತ್ತಾಯಿತು.)

ಶನಿವಾರದ ಮ್ಯಾಟಿನಿಗೆ ಹೋದೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು. ತಪ್ಪು ಹುಡುಕುವುದು ನನ್ನ ಕಸುಬು, ಈಗೀಗ ರೋಗವೂ ಹೌದು.

ಆ ಸಿನಿಮಾದಲ್ಲಿ ನನಗೆ ಹಬ್ಬ. ಶುರುವಿನಲ್ಲೇ ಕೋಟು ತೊಟ್ಟವನೊಬ್ಬ ಬಂದು, ಇದು ನಾಳೆಯ ಕತೆಯಲ್ಲ, ಈ ದಿನದ್ದು ಎಂದ. ಅವನ ಹಿಂದೆ ಓಡಾಡುತ್ತಿದ್ದ ಕಾರುಗಳನ್ನು ನಾನು ನನ್ನ ಬಾಲ್ಯದಲ್ಲೇ ಗುಜರಿಯಲ್ಲಿ ನೋಡಿದ್ದೆ. ಪ್ರಯೋಗಾಲಯದ ಗಡಿಯಾರದಲ್ಲಿ ಬೆಳಿಗ್ಗೆಯೂ ನಾಲ್ಕೂ ಹತ್ತು, ಸಂಜೆಯೂ ನಾಲ್ಕೂ ಹತ್ತು. ಕುರುಡ ನಾಯಕ ಒಂದೂ ಮೆಟ್ಟಿಲು ತಪ್ಪದೆ ಸರಸರ ಇಳಿಯುತ್ತಾನೆ. ವಿಜ್ಞಾನಿಯೋ, ಸ್ವಿಚ್ಚು ಒತ್ತಿದಾಗಲೆಲ್ಲ ಗಹಗಹಿಸಿ ನಗುತ್ತಾನೆ. ತಪ್ಪುಗಳನ್ನು ಎಣಿಸುತ್ತಾ ಸುಖವಾಗಿದ್ದೆ.

ಆಗ ಮುಂದಿನ ಸಾಲಿನಿಂದ ಪರಿಚಯದ ಗಂಟಲು ಕೇಳಿತು. ದೇರೆಬೈಲಿನಲ್ಲಿ ನಮ್ಮಿಂದ ಮೂರನೆಯ ಮನೆಯ ಸಂಕಪ್ಪಣ್ಣ. ಪಕ್ಕದಲ್ಲಿ ಹೆಂಡತಿ ಗಿರಿಜಕ್ಕ.

ಸಂಕಪ್ಪಣ್ಣ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಬಾಯಿಯಲ್ಲಿ ಸುಳ್ಳು ಬರುವುದಿಲ್ಲ. ಇದು ಹೊಗಳಿಕೆಯಲ್ಲ, ದೂರು. ಮದುವೆ ಊಟದಲ್ಲಿ ಪಾಯಸ ನೀರಾದರೆ ಹೆಣ್ಣಿನ ತಂದೆಯ ಮುಖಕ್ಕೇ ಹೇಳುವ ಆಸಾಮಿ. ಹೆಂಡತಿ ಹೊಸ ಸೀರೆ ಉಟ್ಟು ನಿಂತರೆ “ಗೋಣಿ ಹಾಗೆ ಉಂಟು” ಎಂದು ಕೆಲಸಕ್ಕೆ ಹೋಗುವವರು.

ಗಿರಿಜಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆ ಡಾಕ್ಟರು ಎರಡು ಸಲ ದಿನ ಕೊಟ್ಟಿದ್ದರು. ಎರಡು ಸಲವೂ ಆಕೆ ಆಸ್ಪತ್ರೆಯ ಗೇಟಿನಿಂದಲೇ ವಾಪಸು. ಇರುವ ಮಸುಕು ಬೆಳಕೂ ಹೋಗಿಬಿಟ್ಟರೆ ಎಂಬ ಹೆದರಿಕೆ. ಮುಳ್ಳು ಕಾಣುವುದಿಲ್ಲವೆಂದು ಮೀನು ತಿನ್ನುವುದನ್ನೇ ಬಿಟ್ಟಿದ್ದರು. (ಮಂಗಳೂರಿನಲ್ಲಿದ್ದು ಮೀನು ಬಿಡುವುದೆಂದರೆ ಏನೆಂದು ನಿಮಗೆ ಹೇಳಬೇಕೇ?) ಮೂರನೆಯ ಸಲ ಕೊಟ್ಟ ದಿನ ಮುಂದಿನ ಬುಧವಾರ. ಇದು ತಪ್ಪಿದರೆ ಇನ್ನು ತನ್ನಿಂದಾಗದು ಎಂದಿದ್ದರಂತೆ ಡಾಕ್ಟರು. ಅಂಥ ಹೊತ್ತಿಗೆ ಸಂಕಪ್ಪಣ್ಣನ ಕೈಗೆ ಆ ನೋಟೀಸು ಸಿಕ್ಕಿದೆ. ಹೆಂಡತಿಗೆ ಧೈರ್ಯ ಬರಲಿ ಎಂದು ಕರೆದುಕೊಂಡು ಬಂದಿದ್ದಾರೆ.

ಗಿರಿಜಕ್ಕನಿಗೆ ಪರದೆ ಕಾಣದು. ಹಾಗಾಗಿ ಸಂಕಪ್ಪಣ್ಣ ಕಂಡದ್ದನ್ನು ಕಂಡ ಹಾಗೆ ತುಳುವಿನಲ್ಲಿ ಹೇಳುತ್ತಿದ್ದರು. ನಾನಿಲ್ಲಿ ಕನ್ನಡ ಮಾಡಿದ್ದೇನೆ.

“ಕಟ್ಟು ಬಿಚ್ಚಿದ್ರು ಗಿರಿಜಾ. ಅವನಿಗೆ ಕಾಣ್ತದೆ.”

“ಹೌದಾ? ಎಂತ ಕಾಣ್ತದೆ?”

“ಎಲ್ಲ ಕಾಣ್ತದೆ ಮಾರಾಯ್ತಿ. ಹೆಂಡತಿಯನ್ನು ನೋಡಿ ಅಳ್ತಾ ಇದ್ದಾನೆ.”

ಅಲ್ಲಿಯವರೆಗೆ ಎರಡೂ ಸಿನಿಮಾ ಒಂದೇ. ಇಂಟರ್‌ವಲ್ ಮುಗಿಯಿತು, ಗ್ರಹಚಾರ ಕೆಟ್ಟಿತು. ನಾಯಕನ ಹೊಸ ಕಣ್ಣಿಗೆ ಜನರ ಚರ್ಮದೊಳಗಿನ ಎಲುಬು ಕಾಣತೊಡಗಿತು. ಬೀದಿಯ ತುಂಬ ಅಸ್ಥಿಪಂಜರಗಳ ಓಡಾಟ. ಬಾಲ್ಕನಿಯ ಹೆಂಗಸರು ಕಿರಿಚಿಕೊಂಡರು. ಸಂಕಪ್ಪಣ್ಣನ ಮಾತು ನಿಂತಿತು. ಮುಗಿಯಿತು, ಬುಧವಾರವೂ ಹೋಯಿತು ಎಂದುಕೊಂಡೆ. ನನಗೆ ನಿಜಕ್ಕೂ ಸಂಕಟವಾಯಿತು.

“ಎಂತ ಆಯ್ತು? ಹೇಳಿ,” ಎಂದರು ಗಿರಿಜಕ್ಕ.

ಸಂಕಪ್ಪಣ್ಣ ಗಂಟಲು ಸರಿಮಾಡಿಕೊಂಡರು. “ಈಗ ಅವನಿಗೆ ಎಷ್ಟು ಸೂಕ್ಷ್ಮ ಕಾಣ್ತದೆ ಅಂದ್ರೆ, ಮೀನಿನ ಒಂದೊಂದು ಮುಳ್ಳೂ ಕಾಣ್ತದೆ.”

“ಜನ ಯಾಕೆ ಬೊಬ್ಬೆ ಹಾಕುದು?”

“ಖುಷಿಗೆ.”

ಆಮೇಲೆ ಎರಡೂ ಸಿನಿಮಾ ಬೇರೆ ಬೇರೆ ದಾರಿ ಹಿಡಿದವು. ಅಲ್ಲಿ ನಾಯಕ ವಿಜ್ಞಾನಿಯ ಕತ್ತು ಹಿಸುಕಿದ. ಇಲ್ಲಿ ಡಾಕ್ಟರನ್ನು ಅಪ್ಪಿಕೊಂಡ. ಅಲ್ಲಿ ಪ್ರಯೋಗಾಲಯ ಹೊತ್ತಿ ಉರಿಯಿತು. ಇಲ್ಲಿ “ಅವರದ್ದು ದೀಪಾವಳಿ ಇರ್ಬೇಕು.” ಅಲ್ಲಿ ನಾಯಕ ಮತ್ತೆ ಕುರುಡಾಗಿ ಸೇತುವೆಯಿಂದ ಹೊಳೆಗೆ ಬಿದ್ದು ಸತ್ತ. ಇಲ್ಲಿ ಹೊಳೆಯಲ್ಲಿ ಸ್ನಾನ ಮಾಡಿ ಮನೆಗೆ ಹೋದ.

ಹೊರಗೆ ಬರುವಾಗ ನನ್ನ ಕೆಮ್ಮಿನಿಂದಲೇ ಗುರುತು ಹಿಡಿದರು ಗಿರಿಜಕ್ಕ. “ಮಾಸ್ಟ್ರೇ, ನೀವು ಇಂಗ್ಲಿಷ್ ಗೊತ್ತಿದ್ದವರು. ಇವರು ಹೇಳಿದ ಕತೆ ಸರಿ ಉಂಟಾ?”

ಹಿಂದೆ ನಿಂತ ಸಂಕಪ್ಪಣ್ಣ ನನ್ನನ್ನೇ ನೋಡುತ್ತಿದ್ದರು. ಹಣೆಯಲ್ಲಿ ಬೆವರು. ಇಪ್ಪತ್ತು ವರ್ಷ ಕೆಂಪು ಶಾಯಿ ಹಿಡಿದ ನಾನು ಏನು ಹೇಳಬೇಕಿತ್ತು? “ನೂರಕ್ಕೆ ನೂರು ಸರಿ ಉಂಟು ಗಿರಿಜಕ್ಕ,” ಎಂದೆ.

ತಪ್ಪು ಮಾಡಿದೆನೇ? ಅಂದಿನಿಂದ ಯೋಚಿಸುತ್ತಿದ್ದೇನೆ. ಇಂಥ ಕತೆ ಕಟ್ಟುವವರಿಗೆ ವಿಜ್ಞಾನಿ ಯಾಕೆ ಯಾವಾಗಲೂ ಹುಚ್ಚನೇ ಆಗಬೇಕು? ನಮ್ಮೂರ ಕಣ್ಣಿನ ಡಾಕ್ಟರು ಆಪರೇಷನ್ ಮುಗಿಸಿ ಗಹಗಹಿಸಿದ್ದನ್ನು ಯಾರೂ ಕೇಳಿಲ್ಲ. ಕೊಡೆ ಎಲ್ಲಿಟ್ಟೆ ಎಂದು ಹುಡುಕುತ್ತಾರೆ, ಅಷ್ಟೆ. ಕಣ್ಣು ಬಂದವನು ಸುಮ್ಮನೆ ಮನೆಗೆ ಹೋಗಿ ಊಟ ಮಾಡಬಹುದು ಎಂದು ಅಷ್ಟೆಲ್ಲ ಯಂತ್ರ ಇಟ್ಟುಕೊಂಡು ಸಿನಿಮಾ ತೆಗೆದವರಿಗೆ ಹೊಳೆಯಲಿಲ್ಲ. ಊರಂಚಿನ ಪಡೀಲಿನಿಂದಾಚೆ ಹೋಗದ ಸಂಕಪ್ಪಣ್ಣನಿಗೆ ಹೊಳೆಯಿತು.

ಬುಧವಾರ ಗಿರಿಜಕ್ಕ ಗೇಟು ದಾಟಿ ಒಳಗೆ ಹೋದರು. ಮೊದಲು ಒಂದು ಕಣ್ಣು. ಮೊನ್ನೆ ಭಾನುವಾರ ದಪ್ಪ ಕನ್ನಡಕವೂ ಬಂತು. ನೋಡಲು ಹೋದೆ.

“ಮಾಸ್ಟ್ರೇ, ನಿಮ್ಮ ತಲೆ ಇಷ್ಟು ಬೆಳ್ಳಗಾದದ್ದು ಯಾವಾಗ?” ಎಂದು ಸ್ವಾಗತಿಸಿದರು. ಗಂಡನ ಸಹವಾಸ ದೋಷ.

ಸಂಕಪ್ಪಣ್ಣ ಚಾ ತರಲು ಒಳಗೆ ಹೋದರು. ಗಿರಿಜಕ್ಕ ದನಿ ತಗ್ಗಿಸಿದರು. “ಆ ಸಿನಿಮಾದವ ಸತ್ತ ಅಲ್ವಾ?”

“ಯಾರು ಹೇಳಿದ್ದು ನಿಮಗೆ?” ಎಂದೆ.

“ಮಸುಕಾದದ್ದು ಕಣ್ಣು ಮಾಸ್ಟ್ರೇ, ಕಿವಿ ಅಲ್ಲ. ಖುಷಿಯ ಬೊಬ್ಬೆ ಯಾವುದು, ಹೆದರಿಕೆಯ ಬೊಬ್ಬೆ ಯಾವುದು ಅಂತ ನನಗೆ ಗೊತ್ತಾಗುದಿಲ್ವಾ?”

“ಮತ್ತೆ ಆಪರೇಷನ್‌ಗೆ ಧೈರ್ಯ ಹೇಗೆ ಬಂತು?”

ಗಿರಿಜಕ್ಕ ಕನ್ನಡಕವನ್ನು ಸರಿಪಡಿಸಿಕೊಂಡು ಅಡುಗೆಮನೆಯ ಕಡೆ ನೋಡಿದರು.

“ಮೂವತ್ತೆರಡು ವರ್ಷದಲ್ಲಿ ನನಗೋಸ್ಕರ ಇವರು ಸುಳ್ಳು ಹೇಳಿದ್ದು ಅದೇ ಮೊದಲು. ಆ ಮುಖವನ್ನು ಒಮ್ಮೆ ಸರಿಯಾಗಿ ನೋಡ್ಬೇಕು ಅಂತ ಆಯ್ತು.”