ಅತ್ತೆಯ ಹಲ್ಲು, ಅಳಿಯನ ಹಡಗು

ಬೋರನಕಣಿವೆ ಜಲಾಶಯದ ನೀರಿನಲ್ಲಿ ಮೊಣಕಾಲುದ್ದ ಇಳಿದು, ಬಲಗೈಯಲ್ಲಿ ಅತ್ತೆಯ ಹಲ್ಲಿನ ಸೆಟ್ ಹಿಡಿದುಕೊಂಡು, ಎಡಗೈಯನ್ನು ಓಡಿಹೋಗುತ್ತಿರುವ ಹಡಗಿನ ಕಡೆ ಚಾಚಿ ನಿಂತ ಹಲ್ಲಿನ ಡಾಕ್ಟರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮೊನ್ನೆ ಒಂದು ಭಾನುವಾರ ಆ ಕಡೆ ಬಂದಿದ್ದರೆ ಕಾಣುತ್ತಿದ್ದಿರಿ. ಅದು ನಾನೇ.

ಮೊದಲಿನಿಂದ ಹೇಳುತ್ತೇನೆ. ತಿಪಟೂರಿನ ನನ್ನ ಕ್ಲಿನಿಕ್ಕಿಗೆ ಬರುವವರಿಗೆಲ್ಲ ನನ್ನ ಹಡಗಿನ ಕತೆ ಬಾಯಿಪಾಠ. ಹಲ್ಲು ಕೊರೆಯುತ್ತಾ ನಾನು ಅದನ್ನೇ ಹೇಳುತ್ತಿರುತ್ತೇನೆ. (ಬಾಯಿ ತೆರೆದು ಮಲಗಿದವರು ‘ಸಾಕು ನಿಲ್ಲಿಸಿ’ ಅನ್ನುವಂತಿಲ್ಲವಲ್ಲ!) ಹೊಸಬರಿಗೆ ಇಷ್ಟು ಸಾಕು: ಎರಡು ವರ್ಷದ ಹಿಂದೆ ಕೊರಿಯರ್‌ನಲ್ಲಿ ಒಂದು ಕಿಟ್ ತರಿಸಿದೆ. ಡಬ್ಬದ ತುಂಬ ಕಡ್ಡಿಯಂಥ ಮರದ ಪಟ್ಟಿಗಳು, ಜೊತೆಗೊಂದು ನಕ್ಷೆ. ಬಿಡುವಿದ್ದಾಗಲೆಲ್ಲ ಒಂದೊಂದೇ ಪಟ್ಟಿ ಬಗ್ಗಿಸಿ, ಅಂಟಿಸಿ, ಉಜ್ಜಿ, ಹಳೇ ಕಾಲದ ಹಾಯಿಹಡಗೊಂದನ್ನು ಕಟ್ಟಿದೆ. ಹಗ್ಗಗಳಿಗೆ ಡೆಂಟಲ್ ಫ್ಲಾಸ್. ರಂಧ್ರಗಳಿಗೆ ನನ್ನದೇ ಡ್ರಿಲ್. ಉದ್ದ ನನ್ನ ಒಂದು ತೋಳಿನಷ್ಟು.

‘ತಿಪಟೂರಿಗೂ ಹಡಗಿಗೂ ಏನ್ರೀ ಸಂಬಂಧ?’ ಎಂದು ಹೆಂಡತಿ ಶೈಲಾ ಕೇಳಿದ್ದಳು. ಸಮುದ್ರದ ದಡದಲ್ಲೂ ತೆಂಗಿನಮರ, ನಮ್ಮಲ್ಲೂ ತೆಂಗಿನಮರ. ಇನ್ನೇನು ಸಂಬಂಧ ಬೇಕು?

ಅಂತೂ ಹಡಗು ಮುಗಿಯಿತು. ಮುಗಿದ ಮೇಲೆ ಒಂದು ವಿಚಿತ್ರ ಸಂಕಟ ಶುರುವಾಗುತ್ತದೆ. ಕೈ ಸುಮ್ಮನಿರುವುದಿಲ್ಲ. ಮೊಬೈಲ್ ತೆಗೆದರೆ ಬರೀ ಹಡಗುಗಳೇ. ಮೂರು ಕಂಬದ ಯುದ್ಧನೌಕೆ ಕಟ್ಟಲೋ, ಪುಟ್ಟ ಮೀನುದೋಣಿ ಕಟ್ಟಲೋ? ಶೈಲಾಳದು ಒಂದೇ ಉತ್ತರ. ‘ಬಾಗಿಲ ಹತ್ರ ಚಪ್ಪಲಿ ಸ್ಟ್ಯಾಂಡ್ ಮಾಡಿ.’

ಈ ಚರ್ಚೆ ನಡೆಯುತ್ತಿದ್ದಾಗಲೇ ಶೆಟ್ಟಿಕೆರೆಯಿಂದ ಅತ್ತೆ ಬಂದರು. ಶೈಲಾಳ ತಾಯಿ, ಗೌರಮ್ಮ. ಮಗ, ಸೊಸೆ, ತೋಟ, ಎರಡು ಹಸು ಎಲ್ಲವನ್ನೂ ಬಾಯಲ್ಲೇ ಆಳುವವರು. ಆ ಬಾಯಿಗೆ ಹೋದ ವರ್ಷ ನಾನೇ ಪೂರಾ ಸೆಟ್ ಹಲ್ಲು ಕಟ್ಟಿಕೊಟ್ಟಿದ್ದೆ. ಅದು ಸದಾ ಅವರ ಚೀಲದ ಸ್ಟೀಲ್ ಡಬ್ಬಿಯಲ್ಲಿ, ನೀರೊಳಗೆ ತಣ್ಣಗಿರುತ್ತದೆ. ಮದುವೆ, ನಾಮಕರಣ, ಗ್ರೂಪ್ ಫೋಟೋ ಇದ್ದಾಗ ಮಾತ್ರ ಹೊರಗೆ ಬರುತ್ತದೆ.

ಅತ್ತೆ ಹಡಗಿನ ಸುತ್ತ ಒಂದು ಸುತ್ತು ಬಂದರು. ಹಾಯಿ ಮುಟ್ಟಿದರು. ಆಮೇಲೆ ಕೇಳಿದರು.

‘ನೀರಿಗೆ ಬುಟ್ಟು ನೋಡಿದ್ರಾ ಅಳಿಯಂದ್ರೇ?’

‘ಇಲ್ಲ ಅತ್ತೆ. ಇದು ಶೋಕೇಸಿನಲ್ಲಿ ಇಡೋದು.’

‘ನೀರಿಗೆ ಬುಡದ ಹಡಗಾ? ಒಲೆ ಮೇಲಿಡದ ಪಾತ್ರೆ ಇದ್ದಂಗಾಯ್ತು ಬುಡಿ.’

ಶೈಲಾ ಅಡುಗೆಮನೆಯಲ್ಲಿ ಕಿಸಕ್ಕೆಂದಳು. ನನಗೆ ಉರಿಯಿತು. ‘ನಾನು ಕಟ್ಟಿಕೊಟ್ಟ ಹಲ್ಲಲ್ಲಿ ನೀವು ಒಂದು ದಿನವಾದ್ರೂ ಅಗಿದಿದ್ದೀರಾ ಅತ್ತೆ? ಅದೂ ಶೋಕೇಸಿಂದೇ ಅಲ್ವಾ?’ ಅಂದುಬಿಟ್ಟೆ.

ಅತ್ತೆ ಚೀಲದಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಒತ್ತಿದರು. (ಶೈಲಾ ಏನಾಯಿತೋ ಎಂದು ಇಣುಕಿದಳು.) ಆಮೇಲೆ ಸೆರಗು ಸರಿಮಾಡಿಕೊಂಡು ಪಂಥ ಕಟ್ಟಿದರು.

‘ಆಗ್ಲಿ. ಭಾನ್ವಾರ ಬೋರನಕಣಿವೇಲಿ ನಿಮ್ಮ ಹಡಗು ನೀರಿಗೆ ಬುಡಿ. ಅದು ನೆಟ್ಟಗೆ ತೇಲಿದ್ರೆ, ಅಲ್ಲೇ ಕುಂತ್ಕಂಡು ನಿಮ್ಮ ಹಲ್ಲಲ್ಲಿ ಕೊಬ್ರಿ ತಿಂತೀನಿ. ಯುದ್ಧದ್ದಾದ್ರೂ ಕಟ್ಕಳಿ, ಮೀನುಂದಾದ್ರೂ ಕಟ್ಕಳಿ. ಬಿದ್ರೆ ಮಾತ್ರ ನಾನು ಹೇಳಿದ್ದು ಕಟ್ಬೇಕು. ನಮ್ಮ ಕೊಟ್ಟಿಗೆ ಬಾಗ್ಲು ಮುರ್ದೈತೆ.’

ಎರಡು ವರ್ಷದ ಕೆಲಸವನ್ನು ಯಾರಾದರೂ ನೀರಿಗೆ ಹಾಕುತ್ತಾರಾ? ಬುದ್ಧಿ ಇರುವವರು ಹಾಕುವುದಿಲ್ಲ. ನಾನು ಒಪ್ಪಿಕೊಂಡೆ.

ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿನ ಹಿಂದಿನ ಡ್ರಮ್ಮಿನಲ್ಲಿ ಗುಟ್ಟಾಗಿ ಟ್ರಯಲ್ ಮಾಡಿದೆ. ಹಡಗು ನೀರು ಮುಟ್ಟಿದ್ದೇ ತಡ, ಕಳ್ಳು ಕುಡಿದವರ ಹಾಗೆ ಮಗ್ಗುಲಾಯಿತು. ಕಂಬ, ಹಾಯಿ ಎಲ್ಲ ಮೇಲೆ. ಕೆಳಗೆ ಬರೀ ಖಾಲಿ ಹೊಟ್ಟೆ. ಬೀಳದೆ ಇನ್ನೇನು? ಕೊಟ್ಟಿಗೆ ಬಾಗಿಲು ಕಣ್ಣೆದುರು ಬಂತು.

ಹೊಟ್ಟೆ ತುಂಬಿಸಬೇಕು. ತುಂಬಿಸಲು ಹಲ್ಲಿನ ಡಾಕ್ಟರ ಬಳಿ ಏನಿರುತ್ತದೆ? ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರು! ಹಡಗಿನ ಮೇಲಿನ ಪುಟ್ಟ ಮುಚ್ಚಳ ಎಬ್ಬಿಸಿ, ಕಲಸಿದ ಪ್ಲಾಸ್ಟರನ್ನು ತಳಕ್ಕೆ ಸುರಿದೆ. ಗಟ್ಟಿಯಾದ ಮೇಲೆ ಮತ್ತೆ ನೀರಿಗೆ ಬಿಟ್ಟೆ. ನಿಂತಿತು! ಮದುವಣಿಗನ ಹಾಗೆ ನೆಟ್ಟಗೆ ನಿಂತಿತು. ಮುಚ್ಚಳ ಅಂಟಿಸಿ, ಕೈ ತೊಳೆದು, ಏನೂ ಆಗಿಲ್ಲವೆಂಬಂತೆ ಮನೆಗೆ ಹೋಗಿ ಊಟ ಮಾಡಿದೆ. ಇದು ಮೋಸವಾ? ಪಂಥದಲ್ಲಿ ಪ್ಲಾಸ್ಟರ್ ಹಾಕಬಾರದೆಂದು ಯಾರು ಹೇಳಿದ್ದರು?

ಭಾನುವಾರ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಹಡಗು. ಬಾಯಲ್ಲಿ ಹಲ್ಲಿನ ಸೆಟ್. ಹುಳಿಯಾರು ದಾಟುವವರೆಗೂ ಅವರು ಮಾತಾಡಲಿಲ್ಲ. ಪಂಥದ ಗಾಂಭೀರ್ಯ ಅಂದುಕೊಂಡೆ.

ನೀರಿನ ಅಂಚಿಗೆ ಹೋದೆವು. ಪ್ಯಾಂಟು ಮಡಚಿ ಇಳಿದು ಹಡಗನ್ನು ಮೆಲ್ಲಗೆ ಬಿಟ್ಟೆ. ತೇಲಿತು! ಅತ್ತ ಇತ್ತ ಒಮ್ಮೆ ತೂಗಿ ನೆಟ್ಟಗೆ ನಿಂತಿತು. ಶೈಲಾ ಚಪ್ಪಾಳೆ ತಟ್ಟಿದಳು. ನಾನು ದಡದ ಕಡೆ ತಿರುಗಿ, ಕೈ ಸೊಂಟಕ್ಕಿಟ್ಟು, ಅತ್ತೆಯನ್ನು ನೋಡಿ ನಕ್ಕೆ.

ಆ ನಗುವೇ ತಪ್ಪಾಯಿತು. ಅತ್ತೆ ನನ್ನ ಬೆನ್ನ ಹಿಂದೆ ಬೆರಳು ತೋರಿಸಿದರು. ತಿರುಗಿದರೆ ಹಡಗಿಲ್ಲ. ಗಾಳಿ ಎದ್ದಿತ್ತು. ನಾನು ಕಟ್ಟಿದ್ದು ನಿಜವಾದ ಬಟ್ಟೆಯ ಹಾಯಿ. ಅದು ಬುರ್ರೆಂದು ಉಬ್ಬಿ, ಹಡಗು ಆಗಲೇ ಹತ್ತು ಮಾರು ಆಚೆ ಹೋಗಿ ನಡುನೀರಿಗೆ ಮುಖ ಮಾಡಿತ್ತು. ತೇಲುತ್ತದಾ ಎಂದು ಹೆದರಿದ್ದೆ. ಹೊರಟೇಹೋದರೆ ಏನು ಮಾಡುವುದೆಂದು ಯೋಚಿಸಿರಲೇ ಇಲ್ಲ.

ಇನ್ನೆರಡು ಹೆಜ್ಜೆ ಇಟ್ಟೆ. ಮೊಣಕಾಲು ಮುಳುಗಿತು. ನನಗೆ ಈಜು ಬಾರದು. (ಹಡಗು ಕಟ್ಟುವವನಿಗೆ ಈಜು ಬರಬೇಕೆಂದು ಎಲ್ಲಿದೆ?) ದೂರದಲ್ಲಿ ಒಬ್ಬ ಮೀನುಗಾರ ತೆಪ್ಪದಲ್ಲಿ ಬಲೆ ಎಳೆಯುತ್ತಿದ್ದ. ಕೂಗಿದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ನೀರು ಕಲಕಿದ ಸದ್ದು. ಅತ್ತೆ ಸೀರೆ ಎತ್ತಿ ಕಟ್ಟಿ ಇಳಿದುಬಂದಿದ್ದರು. ಏನೋ ಕೂಗಲು ಹೋದರು. ಹಲ್ಲು ಅಡ್ಡ ಬಂದು ಬರೀ ‘ಹ್ಫೋ’ ಎಂದಿತು. ಮೇಲಿನದು, ಕೆಳಗಿನದು ಎರಡನ್ನೂ ಕಿತ್ತು ನನ್ನ ಅಂಗೈಗೆ ತುರುಕಿದರು. ಆಮೇಲೆ ಬಂತು ನೋಡಿ ಶೆಟ್ಟಿಕೆರೆಯ ತೋಟದ ಈ ತುದಿಯಿಂದ ಆ ತುದಿಗೆ ಮುಟ್ಟುವ ದನಿ!

‘ಏಯ್ ತಮ್ಮಾ! ನಮ್ಮ ಅಳಿಯಂದ್ರ ಹಡಗು ಓಡೋಯ್ತಾ ಐತೆ ಕಣಪ್ಪಾ! ಅಡ್ಡ ಹಾಕಾ!’

ತೆಪ್ಪ ಗರ್ರನೆ ತಿರುಗಿತು.

ಮೀನುಗಾರ ಹಡಗನ್ನು ಎತ್ತಿ ತಂದು ಕೊಡುತ್ತಾ, ಕೈಯಲ್ಲಿ ತೂಗಿ ನೋಡಿದ. ‘ಏನ್ ಸ್ವಾಮಿ, ಹಿಂಗ್ ಭಾರ ಐತೆ? ಹೊಟ್ಟೆಗೇನ್ ತುಂಬೀರಿ?’

ಯಾರಾದರೂ ಕೇಳಬೇಕಿತ್ತಾ ಈ ಪ್ರಶ್ನೆ? ಶೈಲಾ ನನ್ನನ್ನೇ ನೋಡಿದಳು. ಅತ್ತೆಯೂ ನೋಡಿದರು. ಪ್ಲಾಸ್ಟರಿನ ವಿಷಯ ಬಾಯಿಬಿಟ್ಟೆ.

ಅತ್ತೆ ಬೈಯುತ್ತಾರೆ ಅಂದುಕೊಂಡೆ. ಅವರು ದಡದ ಕಲ್ಲಿನ ಮೇಲೆ ಕೂತು, ಬೋಳುಬಾಯಲ್ಲಿ ಕಣ್ಣೀರು ಬರುವಷ್ಟು ನಕ್ಕರು. ‘ಕಳ್ರು ಕಣ್ರೀ ನೀವು! ಅದಿರ್ಲಿ, ತೇಲಿದ್ದು ತೇಲ್ತು. ಕೊಡಿ ಇಲ್ಲಿ’ ಎಂದು ಹಲ್ಲು ಇಸಿದುಕೊಂಡು, ಬಾಟಲಿ ನೀರಲ್ಲಿ ತೊಳೆದು ಹಾಕಿಕೊಂಡರು. ಶೈಲಾ ಕೊಬ್ಬರಿ ಚೂರು, ಬೆಲ್ಲ ಮುಂದಿಟ್ಟಳು.

ಅತ್ತೆ ಅಗಿದರು. ನಾನು ಅವರ ದವಡೆಯನ್ನೇ ನೋಡುತ್ತಿದ್ದೆ. ನಮ್ಮೂರ ಒಣಕೊಬ್ಬರಿ ಅಂದರೆ ಹುಡುಗಾಟವಲ್ಲ. ಸೆಟ್ಟು ಅಲ್ಲಾಡಲಿಲ್ಲ. ಆದರೆ ಅವರು ಅಗಿಯುತ್ತಿದ್ದದ್ದು ಬರೀ ಬಲಗಡೆ. ಚೂರು ಎಡಕ್ಕೆ ಜಾರಿದಾಗಲೆಲ್ಲ ಕಣ್ಣು ಕಿರಿದಾಗುತ್ತಿತ್ತು. ಅಂಥ ಕಣ್ಣನ್ನು ದಿನಾ ಕ್ಲಿನಿಕ್ಕಿನ ಕುರ್ಚಿಯಲ್ಲಿ ನೋಡುವವನು ನಾನು.

‘ಎಡಗಡೆ ನೋವಾಗ್ತಿದೆಯಾ ಅತ್ತೆ?’

‘ಏ, ಇಲ್ಲ ಬುಡಿ.’

‘ಅಮ್ಮಾ, ನಿಜ ಹೇಳು’ ಎಂದಳು ಶೈಲಾ.

ಅತ್ತೆ ನೀರಿನ ಕಡೆ ನೋಡುತ್ತಾ ಹೇಳಿದರು. ‘ಅವ್ರು ಪಿಲಾಸ್ಟ್ರು ಒಪ್ಕಂಡ್ರಲ್ಲ, ನಾನೂ ಹೇಳ್ಬುಡ್ತೀನಿ. ಹಾಕ್ಕಂಡ ದಿನದಿಂದ್ಲೂ ಒತ್ತುತೈತೆ ಕಣೇ. ಅಳಿಯ ಆಸೆಯಿಂದ ಕಟ್ಟವ್ರೆ. ಅವ್ರ ಕೈಕೆಲ್ಸಕ್ಕೆ ನಾನೇ ಹೆಸ್ರಿಡಾದಾ?’

ಒಂದು ವರ್ಷ! ನಮ್ಮ ಮನೆಯ ಉಪ್ಪಿಗೆ, ಕಾಫಿಗೆ, ಮಗಳ ಸೀರೆಗೆ, ನನ್ನ ತಲೆಗೂದಲಿಗೆ, ಎಲ್ಲಕ್ಕೂ ಹೆಸರಿಟ್ಟ ಬಾಯಿ ಅದು. ನನ್ನ ಕೆಲಸದ ವಿಷಯದಲ್ಲಿ ಮಾತ್ರ ಮುಚ್ಚಿಕೊಂಡು, ಒಂದು ವರ್ಷ ಅಗಿಯದೆ ನುಂಗುವ ಮುದ್ದೆಯಲ್ಲಿ ಕಳೆದಿತ್ತು. ಅವರು ಹಲ್ಲು ಹಾಕದ್ದಕ್ಕೆ ನಾನು ತಮಾಷೆ ಮಾಡಿದ್ದೆನೇ ಹೊರತು, ಬಾಯಿ ತೆರೆಸಿ ನೋಡಿರಲಿಲ್ಲ. ಹಡಗಿನ ಒಂದು ಕಂಬ ಕೂದಲೆಳೆಯಷ್ಟು ಓರೆಯಾಗಿದ್ದಕ್ಕೆ ಕಿತ್ತು ಮತ್ತೆ ಕೂರಿಸಿದವನು ನಾನು!

ಸೋಮವಾರ ಬೆಳಿಗ್ಗೆ ಅತ್ತೆಯನ್ನು ಕುರ್ಚಿಯಲ್ಲಿ ಮಲಗಿಸಿ ನೋಡಿದೆ. ನನ್ನ ಅಳತೆಯೇ ತಪ್ಪಿತ್ತು, ಈ ಒಂದು ವರ್ಷದಲ್ಲಿ ವಸಡೂ ಇಳಿದಿತ್ತು. ತಿದ್ದಿದರೆ ಸಾಲದು, ಹೊಸದೇ ಕಟ್ಟಬೇಕು. ‘ನೋವಾದ್ರೆ ಕೈ ಎತ್ತಿ’ ಎಂದು ಅಳತೆ ತೆಗೆಯಲು ಶುರುಮಾಡಿದೆ. ಕೈ ಎತ್ತಿದರು. ಗಾಬರಿಯಿಂದ ನಿಲ್ಲಿಸಿದರೆ, ಗೋಡೆಯ ಕ್ಯಾಲೆಂಡರ್ ಓರೆಯಾಗಿದೆಯೆಂದು ತೋರಿಸಿದರು. ಇಡೀ ವಾರ ಉಜ್ಜಿದೆ, ಕೂರಿಸಿದೆ, ತೆಗೆದೆ, ಮತ್ತೆ ಉಜ್ಜಿದೆ. ಕೊನೆಗೆ ಅವರು ಚಕ್ಕುಲಿಯೊಂದನ್ನು ಎಡಗಡೆಯೇ ಕಟಂ ಅನ್ನಿಸಿ, ‘ಈಗ ಸರಿಯಾಯ್ತು ಕಣ್ರೀ’ ಅಂದರು. ಆ ಮಾತಿಗೆ ಆದ ಖುಷಿ ಹಡಗು ತೇಲಿದಾಗಲೂ ಆಗಿರಲಿಲ್ಲ.

ಅಲ್ಲಿಗೆ ಯುದ್ಧನೌಕೆಯ ದಾರಿ ಸಲೀಸಾಯಿತೆಂದು ಮೊಬೈಲ್ ತೆಗೆದೆ. ಅಷ್ಟರಲ್ಲಿ ತುರುವೇಕೆರೆಯ ರಿಟೈರ್ಡ್ ಬಸ್ ಕಂಡಕ್ಟರ್ ಒಬ್ಬರು ಬಂದರು. ಹಿಂದೆ ನಾನೇ ಸೆಟ್ ಕಟ್ಟಿಕೊಟ್ಟವರು. ಬೋರನಕಣಿವೆಯ ಸುದ್ದಿ ಅವರಿಗೂ ಮುಟ್ಟಿತ್ತು. ನಗುನಗುತ್ತಾ ಶರ್ಟಿನ ಜೇಬಿಗೆ ಕೈ ಹಾಕಿ, ಕರ್ಚೀಫಿನ ಗಂಟೊಂದನ್ನು ಟೇಬಲ್ಲಿನ ಮೇಲಿಟ್ಟು ಬಿಚ್ಚಿದರು. ಒಳಗೆ ಅದೇ ಸೆಟ್.

‘ಹೆಂಗಪ್ಪ ಹೇಳಾದು ಅಂತ ಸುಮ್ನಿದ್ದೆ ಡಾಕ್ಟ್ರೇ. ನಂದೂ ಒಸಿ ಒತ್ತುತ್ತೆ.’

ತಿಪಟೂರು ಸೀಮೆಯಲ್ಲಿ ಇನ್ನೆಷ್ಟು ಜೇಬುಗಳು ನನ್ನ ಹಲ್ಲು ಕಚ್ಚಿಕೊಂಡು ಸುಮ್ಮನಿವೆಯೋ?